ನಾನು ಕರೆಯದೆ ಬಿಟ್ಟ ಹೆಸರು

ಸತ್ತವರು ಮಾತಾಡುತ್ತಾರೆ, ಇನ್ನೊಬ್ಬರ ಮೈಮೇಲೆ ಬರುತ್ತಾರೆ ಎಂಬಂಥ ಮಾತುಗಳನ್ನು ನಾನು ಯಾವತ್ತೂ ನಂಬಿದವನಲ್ಲ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು. ಅಲ್ಲಿ ಕಲಿತದ್ದರಲ್ಲಿ ಮುಕ್ಕಾಲು ಪಾಲು ಮರೆತುಹೋಗಿದೆ. ಉಳಿದದ್ದು ಒಂದೇ ಪ್ರಶ್ನೆ: ‘ಇದಕ್ಕೆ ಆಧಾರ ಏನು?’ ಅದನ್ನು ನಾನು ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಚಹಾದ ಅಂಗಡಿಯಲ್ಲಿ, ಎಲ್ಲೆಂದರಲ್ಲಿ ಎಸೆಯುತ್ತಿದ್ದೆ. ತೀರಿಕೊಂಡ ಗಂಡ ಮೂರನೆಯ ದಿನ ಕನಸಿನಲ್ಲಿ ಬಂದು ಬೀಗದ ಕೈ ಎಲ್ಲಿದೆಯೆಂದು ಹೇಳಿ ಹೋದರು ಎಂದು ನಮ್ಮ ಸೋದರತ್ತೆ ಒಮ್ಮೆ ಹೇಳಿದಾಗ ಅವಳಿಗೂ ಇದನ್ನೇ ಕೇಳಿದೆ. “ಬೀಗದ ಕೈ ಸಿಕ್ತಲ್ಲೋ, ಅದ ಆಧಾರ” ಎಂದಳು. ನಾನು ನಕ್ಕೆ. ಮುಂದೆ ಒಂದು ವರ್ಷ ಅವಳು ನನ್ನ ಜೊತೆ ಮಾತಾಡಲಿಲ್ಲ.

ಇವತ್ತಿಗೂ ನಾನು ನಂಬಿಕೆ ಬದಲಿಸಿಲ್ಲ. ಆದರೆ ನನ್ನ ಬದುಕಿನಲ್ಲಿ ಒಂದು ಸಂಗತಿ ನಡೆದಿದೆ. ಅದಕ್ಕೆ ಸಾಕ್ಷಿಗಳು ನೂರಾರು ಮಂದಿ ಇದ್ದಾರೆ, ಅವರೆಲ್ಲರ ಸಾಕ್ಷಿ ನನ್ನ ನೆನಪಿಗೆ ವಿರುದ್ಧವಾಗಿದೆ. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ. ಜನ ನಗುತ್ತಾರೆ ಎಂಬ ಹೆದರಿಕೆಯಿಂದಲ್ಲ. ಹೇಳಿದರೆ ನಾನು ಎಂಥವನು ಎಂಬುದನ್ನೂ ಹೇಳಬೇಕಾಗುತ್ತದೆ, ಅದಕ್ಕೆ.

ಗಣಿ ಕೆಲಸ ಭಾರಿ ಜೋರಾಗಿದ್ದ ವರ್ಷಗಳು ಅವು. ನಾನು ಹೊಸಪೇಟೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಟಿ.ಬಿ. ಡ್ಯಾಮ್ ಬಡಾವಣೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಸಂಡೂರಿನ ಕಡೆಯಿಂದ ಅದಿರು ತುಂಬಿದ ಲಾರಿಗಳು ಹಗಲು ರಾತ್ರಿ ಇಳಿಯುತ್ತಿದ್ದವು. ಬೆಳಿಗ್ಗೆ ಒಗೆದು ಹಾಕಿದ ಬಿಳಿ ಅಂಗಿ ಸಂಜೆ ತೆಗೆಯುವಾಗ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತಿತ್ತು. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಅರ್ಧಕ್ಕೇ ಓದು ಬಿಟ್ಟು ಗಣಿಯಲ್ಲಿ ಸೂಪರ್‌ವೈಸರ್ ಆಗಿ, ನನ್ನ ಮುಂದೆಯೇ ಹೊಸ ಮೋಟಾರ್ ಸೈಕಲ್ ನಿಲ್ಲಿಸಿ “ಡ್ರಾಪ್ ಕೊಡ್ಲೇನ್ರಿ ಸರ್?” ಎಂದು ಕೇಳುತ್ತಿದ್ದರು. ನನಗೆ ಕಾಯಂ ಕೆಲಸ ಬೇಕಿತ್ತು. ವಯಸ್ಸು ಮೂವತ್ತೆರಡು ದಾಟಿತ್ತು.

ಆ ಹೊತ್ತಿಗೆ ಕಂಪ್ಲಿಯ ನಾಟ್ಯ ಸಂಘದವರು ನನ್ನನ್ನು ಹುಡುಕಿಕೊಂಡು ಬಂದರು. ಸಂಘದ ಹೆಸರು ಹೊಳೆದಂಡಿ ನಾಟ್ಯ ಸಂಘ ಎಂದಿಟ್ಟುಕೊಳ್ಳಿ. ಅದರ ಇತಿಹಾಸ ಬರೆಯಬೇಕು, ಚೆಂದಗೆ ಅಚ್ಚು ಹಾಕಿಸಿ ಈ ಸಲದ ನಾಟಕದ ದಿನ ಬಿಡುಗಡೆ ಮಾಡಬೇಕು ಎಂಬುದು ಅವರ ಆಸೆ. ಖರ್ಚು ನೋಡಿಕೊಳ್ಳುವವರು ಕಂಪ್ಲಿಯಿಂದಲೇ ಹೋಗಿ ಸಂಡೂರು ಗುಡ್ಡದಲ್ಲಿ ಗಣಿ ಹಿಡಿದಿದ್ದ ಒಬ್ಬರು. ಎಲ್ಲರೂ ಅವರನ್ನು ಧಣಿ ಎಂದು ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ನಾನು ಪಾಠ ಮಾಡುತ್ತಿದ್ದ ಕಾಲೇಜಿನ ಆಡಳಿತ ಮಂಡಳಿಯಲ್ಲಿ ಅವರೂ ಒಬ್ಬರು. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ಆರು ತಿಂಗಳು ವಾರಕ್ಕೆರಡು ಸಲ ಕಮಲಾಪುರ, ಬುಕ್ಕಸಾಗರದ ಮೇಲೆ ಹಾಯ್ದು ಕಂಪ್ಲಿಗೆ ಹೋಗಿ ಬಂದೆ. ಸಂಘದ ನೆನಪೆಲ್ಲ ಒಬ್ಬರ ತಲೆಯಲ್ಲಿತ್ತು, ಪೇಟಿ ಮಾಸ್ತರ್ ನರಸಿಂಹಾಚಾರ್ಯರ ತಲೆಯಲ್ಲಿ. ಹಾರ್ಮೋನಿಯಂ ನುಡಿಸುವುದು, ಹಾಡು ಕಲಿಸುವುದು, ತಾಲೀಮು ಮಾಡಿಸುವುದು, ಮಾತು ಮರೆತವನಿಗೆ ಪರದೆಯ ಹಿಂದಿನಿಂದ ಹೇಳಿಕೊಡುವುದು ಎಲ್ಲ ಅವರೇ. ಎಂಬತ್ತರ ಹತ್ತಿರದ ಮನುಷ್ಯ. ಗಂಟಲಿಗೆ ಆಪರೇಷನ್ ಆಗಿ ದನಿ ಬಿದ್ದಿತ್ತು. ಗಾಳಿಯನ್ನೇ ಕೊರೆದು ಮಾತು ಮಾಡಿದ ಹಾಗೆ ಮಾತಾಡುತ್ತಿದ್ದರು. ಮೊದಲ ದಿನವೇ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಲೇ ತಮ್ಮಾ, ನಾಟಕ ಅಂದ್ರ ಏನಂತ ಗೊತ್ತೈತೋ, ಬರೇ ಎಂ.ಎ. ಮಾಡೀಯೋ?” ಎಂದು ಕೇಳಿದರು.

ಸಂಘಕ್ಕೆ ಸ್ವಂತದ್ದೊಂದು ನಾಟಕವಿತ್ತು. ಊರಿನ ಶಾಲೆಯ ಮಾಸ್ತರೊಬ್ಬರು ಎಂದೋ ಬರೆದುಕೊಟ್ಟದ್ದು, ಒಬ್ಬ ಪಾಳೇಗಾರನ ಕಥೆ. ಬೇಸಿಗೆ ಭತ್ತದ ಸುಗ್ಗಿ ಮುಗಿದ ಮೇಲೆ, ಮೇ ಕೊನೆಯಲ್ಲಿ, ವರ್ಷಕ್ಕೊಮ್ಮೆ ಅದನ್ನೇ ಆಡುತ್ತಿದ್ದರು. ಪಾಳೇಗಾರನಿಗೆ ಒಂದೇ ಕಿರೀಟ, ಹಿತ್ತಾಳೆಯದು. ಇಷ್ಟೂ ವರ್ಷಗಳಲ್ಲಿ ಅದನ್ನು ಬದಲಿಸಿರಲಿಲ್ಲ. ಆ ಪಾರ್ಟು ಮಾಡುವವನು ಬದಲಾದರೂ ಕಿರೀಟ ಅದೇ. ಅದರ ಸುತ್ತ ಒಂದು ರೂಢಿ ಬೆಳೆದಿತ್ತು. ದೀಪ ಹಚ್ಚುವ ಹೊತ್ತಿಗೆ, ನಾಟಕ ಶುರುವಾಗುವ ಮೊದಲು, ಬಣ್ಣ ಹಚ್ಚಿಕೊಂಡ ಪಾಳೇಗಾರ ಬರಿದಲೆಯಲ್ಲಿ ಪರದೆಯ ಮುಂದೆ ಬಂದು ನಿಲ್ಲುತ್ತಾನೆ. ಹಿಂದೆ ಆ ಕಿರೀಟ ಹೊತ್ತವರ ಹೆಸರನ್ನೆಲ್ಲ, ಮೊದಲನೆಯವನಿಂದ ಹಿಡಿದು, ಒಂದೊಂದಾಗಿ ಜೋರಾಗಿ ಕರೆಯುತ್ತಾರೆ. ಪ್ರತಿ ಹೆಸರಿಗೂ ಅವನು ಬಾಗಿ “ಅಪ್ಪಣೆ ಕೊಡ್ರಿ” ಎನ್ನುತ್ತಾನೆ. ಯಾರ ಹೆಸರು ಕರೆದರೋ ಅವರ ಮನೆಯವರು ಕುಳಿತಲ್ಲಿ ಎದ್ದು ನಿಲ್ಲುತ್ತಾರೆ. ಕೊನೆಯ ಹೆಸರಾದ ಮೇಲೆ ಕಿರೀಟ ತಲೆಗೆ ಏರುತ್ತದೆ. ಈ ಹೆಸರುಗಳು ಎಲ್ಲೂ ಬರವಣಿಗೆಯಲ್ಲಿ ಇರಲಿಲ್ಲ. ಪೇಟಿ ಮಾಸ್ತರೇ ಬಾಯಿಪಾಠವಾಗಿ ಕರೆಯುತ್ತ ಬಂದಿದ್ದರು. ಒಟ್ಟು ಒಂಬತ್ತು ಹೆಸರು. ಮೊದಲನೆಯದು ಹುಲುಗಪ್ಪ.

ಹುಲುಗಪ್ಪ ತುಂಗಭದ್ರೆಯಲ್ಲಿ ತೆಪ್ಪ ಹಾಕುತ್ತಿದ್ದವನು. ಜನರನ್ನು ಈ ದಂಡೆಯಿಂದ ಆ ದಂಡೆಗೆ ದಾಟಿಸುವುದು ಅವನ ಕೆಲಸ. ಓದು ಬರಹ ಇಲ್ಲ. ಆದರೂ ಇಡೀ ನಾಟಕವನ್ನು ಕೇಳಿ ಕೇಳಿ ಬಾಯಿಪಾಠ ಮಾಡಿದ್ದನಂತೆ. ಅವನ ಮಗಳು ಗಂಗಮ್ಮ ಬದುಕಿದ್ದಳು, ಅರವತ್ತೈದು ಎಪ್ಪತ್ತರ ಹೆಂಗಸು. ಅಪ್ಪನ ಹೊಲ ಇಲ್ಲ, ಮನೆ ಇಲ್ಲ, ಒಂದು ಫೋಟೋ ಕೂಡ ಇಲ್ಲ. ವರ್ಷಕ್ಕೊಮ್ಮೆ ಇಡೀ ಊರಿನ ಎದುರು ಅವನ ಹೆಸರು ಮೊಟ್ಟಮೊದಲು ಕೇಳುತ್ತಿತ್ತು, ಆಗ ಅವಳು ಎದ್ದು ನಿಲ್ಲುತ್ತಿದ್ದಳು. “ಅವತ್ತೊಂದಿನ ನಮ್ಮಪ್ಪ ಇರ್ತಾನ್ರಿ. ಮುಂದ ಮತ್ತ ವರ್ಷ ತನಕ ಇರಂಗಿಲ್ಲ” ಎಂದು ಅವಳೇ ನನಗೆ ಹೇಳಿದ್ದಳು. ನಾನದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಒಳ್ಳೆಯ ವಾಕ್ಯ ಎಂದು ಪಕ್ಕದಲ್ಲಿ ಗೆರೆಯನ್ನೂ ಎಳೆದೆ.

ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಧಣಿ ಕರೆಸಿದರು. ಅವರು ಗದರಿಸಿದರು, ಬೆದರಿಸಿದರು ಎಂದು ಬರೆದರೆ ನನಗೆ ಅನುಕೂಲ. ಆದರೆ ಅವರು ಹಾಗೇನೂ ಮಾಡಲಿಲ್ಲ. ತಾವೇ ಚಹಾ ತಂದುಕೊಟ್ಟರು. ಗೋಡೆಯ ಮೇಲೆ ಅವರ ತಂದೆ ಸಾಹುಕಾರ ವಿರೂಪಾಕ್ಷಪ್ಪನವರ ಒಂದು ಹಳೆಯ ಫೋಟೋ ಇತ್ತು, ಸ್ಟುಡಿಯೋದಲ್ಲಿ ತೆಗೆಸಿದ್ದು. ತಲೆಯ ಮೇಲೆ ಅದೇ ಹಿತ್ತಾಳೆ ಕಿರೀಟ. “ನಮ್ಮಪ್ಪಗ ಪಾರ್ಟು ಮಾಡೋ ಹುಚ್ಚು ಭಾಳ ಇತ್ರಿ. ನಮ್ಮ ತಾತ ಬಿಡ್ಲಿಲ್ಲ. ಅಕ್ಕಿ ಗಿರಣಿ ಮಾಲಕನ ಮಗ ಮುಖಕ್ಕ ಬಣ್ಣ ಹಚ್ಚಂಗಿಲ್ಲ ಅಂದ್ರು. ತಾಲೀಮಿಗೆ ಗೋದಾಮು ಬಿಟ್ಟುಕೊಟ್ಟವ್ರು ನಮ್ಮಪ್ಪ. ಪರದೆ ಬರಿಸಿದವ್ರು ನಮ್ಮಪ್ಪ. ಕಿರೀಟ ಹೊತ್ತಿದ್ದು ಇದೊಂದ ಫೋಟೋದಾಗ” ಎಂದರು. ಹೇಳುತ್ತ ಹೇಳುತ್ತ ಕಣ್ಣು ಒರೆಸಿಕೊಂಡರು. ಆಮೇಲೆ, “ಪಟ್ಟಿಯೊಳಗ ಮೊದ್ಲು ಅವ್ರ ಹೆಸರು ಇರ್ಲಿ ಸರ್. ಆ ತೆಪ್ಪದವನ ಹೆಸರಿಗೆ ಏನು ಪುರಾವೆ ಐತಿ? ನೀವ ಕಲ್ತವ್ರು, ನೀವ ಹೇಳ್ರಿ” ಎಂದರು.

ಪುರಾವೆ ಇರಲಿಲ್ಲ. ಒಂದು ಕರಪತ್ರ ಇಲ್ಲ, ಫೋಟೋ ಇಲ್ಲ, ಬರಹ ಇಲ್ಲ. ಇದ್ದದ್ದು ಮಾಸ್ತರ ಬಾಯಿಮಾತು ಮತ್ತು ಮಗಳ ನೆನಪು. ಈ ಕಡೆ ಒಂದು ಫೋಟೋ ಇತ್ತು. ಆ ರಾತ್ರಿ ನನ್ನ ಕೋಣೆಯಲ್ಲಿ ಕುಳಿತು ನನಗೆ ನಾನೇ ಒಂದು ಪಾಠ ಮಾಡಿಕೊಂಡೆ. ಮೌಖಿಕ ಪರಂಪರೆಯನ್ನು ಎಷ್ಟರ ಮಟ್ಟಿಗೆ ಒಪ್ಪಬಹುದು, ದಾಖಲೆಗೆ ಯಾವ ಸ್ಥಾನ ಕೊಡಬೇಕು ಎಂಬ ವಿಷಯದ ಮೇಲೆ. ಬಹಳ ಚೆನ್ನಾಗಿ ಮಾಡಿಕೊಂಡೆ. ಧಣಿ ಮಾತಿನ ನಡುವೆ “ಮುಂದಿನ ಜೂನಿಗೆ ನಿಮ್ಮದು ಕಾಯಂ ಮಾಡೂಣು” ಎಂದದ್ದನ್ನು ಆ ಪಾಠದಲ್ಲಿ ಎಲ್ಲೂ ಉಲ್ಲೇಖಿಸಲಿಲ್ಲ. ಫೋಟೋ ತೆಗೆಸಿಕೊಂಡವನು ಪಾರ್ಟು ಮಾಡಲೇ ಇಲ್ಲ ಎಂದು ಅವನ ಮಗನೇ ಹೇಳಿದ್ದನ್ನೂ ಉಲ್ಲೇಖಿಸಲಿಲ್ಲ. ಬೆಳಿಗ್ಗೆ ಎದ್ದು ಹುಲುಗಪ್ಪನ ಹೆಸರು ಹೊಡೆದುಹಾಕಿ ಆ ಜಾಗದಲ್ಲಿ ಸಾಹುಕಾರ ವಿರೂಪಾಕ್ಷಪ್ಪನವರು ಎಂದು ಬರೆದೆ.

ಮಾಸ್ತರಿಗೆ ಇದು ಹೇಗೋ ತಿಳಿಯಿತು. ನಾನು ಹೋದಾಗ ಪೇಟಿಗೆ ಬಟ್ಟೆ ಹೊದಿಸುತ್ತಿದ್ದರು. ನನ್ನ ಮುಖ ನೋಡಲಿಲ್ಲ. “ಪುಸ್ತಕದಾಗ ಏನರ ಬರ್ಕೋ. ಅದು ನಿಮ್ಮ ನಿಮ್ಮ ಮಂದಿ ಕೆಲಸ. ಈ ಸಲ ಹೆಸರು ಕರಿಯಾಕ ನನಗ ದನಿ ಇಲ್ಲ, ನೀನ ಕರೀಬೇಕು. ಕರಿಯೋವಾಗ ಮಾತ್ರ ಹುಲುಗಪ್ಪನ್ನ ಬಿಡಬ್ಯಾಡ” ಎಂದರು. “ಬಿಡಂಗಿಲ್ಲ ಮಾಸ್ತರ್” ಎಂದೆ. ಎರಡು ದಿನ ಕಳೆದು ಧಣಿ ಫೋನ್ ಮಾಡಿ, ಪುಸ್ತಕದಲ್ಲಿ ಇದ್ದ ಹಾಗೇ ಓದಿಬಿಡಿ, ಬಾಯಿಪಾಠ ಎಲ್ಲ ಬೇಡ ಎಂದರು. “ಆಗ್ಲಿ” ಎಂದೆ. ಹೀಗೆ ಒಂದೇ ವಿಷಯಕ್ಕೆ ಇಬ್ಬರಿಗೆ ಮಾತು ಕೊಟ್ಟೆ. ಎರಡರಲ್ಲಿ ಯಾವುದನ್ನು ಉಳಿಸಿಕೊಳ್ಳುತ್ತೇನೆ ಎಂಬ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ.

ನಾಟಕದ ದಿನ ಬಂತು. ಈ ಸಲ ಪಾಳೇಗಾರನ ಪಾರ್ಟು ಬಸವರಾಜನದು, ಅದಿರಿನ ಟಿಪ್ಪರ್ ಓಡಿಸುವವನು. ತಾಲೀಮಿಗೆ ಬರಲು ಪುರುಸೊತ್ತು ಸಿಗದೆ, ಗಾದಿಗನೂರಿನ ಹತ್ತಿರ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡಾಗಲೇ ಮಾತುಗಳನ್ನು ಬಾಯಿಪಾಠ ಮಾಡಿದೆ ಎನ್ನುತ್ತಿದ್ದ. “ಹಿಂದಿನ ಲಾರಿಯವ್ರು ನನ್ನ ಹುಚ್ಚ ಅಂತ ತಿಳ್ಕೊಂಡು ಹಾರ್ನ್ ಹೊಡಿಯೋದ ಬಿಟ್ರು ಸರ್” ಎಂದು ನಕ್ಕ. ಧಣಿಯ ಕೃಪೆಯಿಂದ ದೊಡ್ಡ ವೇದಿಕೆ, ಬಣ್ಣದ ದೀಪ, ಮೈಕ್ ಎಲ್ಲ ಬಂದಿದ್ದವು. ಗಿರಣಿಯ ಬಯಲು ತುಂಬಿತ್ತು. ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು. ಬಲಗಡೆ ಎರಡನೆಯ ಸಾಲಿನಲ್ಲಿ ಗಂಗಮ್ಮ, ಹೊಸ ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಆಗಷ್ಟೇ ಹಂಚಿದ ಪುಸ್ತಕ ಹಿಡಿದು ಕುಳಿತಿದ್ದಳು. ಮುಂದಿನ ಸೋಫಾದಲ್ಲಿ ಧಣಿ ಮತ್ತು ಅವರ ಮನೆಯವರು.

ಇನ್ನು ಮುಂದಿನದನ್ನು ನನಗೆ ನೆನಪಿರುವ ಹಾಗೆ ಬರೆಯುತ್ತೇನೆ.

ಬಸವರಾಜ ಬಂದು ನಿಂತ. ನಾನು ಪುಸ್ತಕ ತೆರೆದೆ. ಪುಟ ನನಗೆ ಗೊತ್ತಿತ್ತು, ಮೊದಲೇ ಮೂಲೆ ಮಡಚಿ ಇಟ್ಟಿದ್ದೆ. ಮೈಕಿಗೆ ಬಾಯಿ ಹಚ್ಚಿದೆ. ಹೊರಗೆ ರಸ್ತೆಯ ಮೇಲೆ ಲಾರಿಯೊಂದು ಉದ್ದಕ್ಕೆ ಹಾರ್ನ್ ಹೊಡೆಯಿತು. ಅದು ನಿಲ್ಲಲಿ ಎಂದು ಕಾದೆ. ಕಣ್ಣೆತ್ತಿದಾಗ ಗಂಗಮ್ಮ ಎದ್ದು ನಿಂತಿದ್ದಳು, ತಲೆಯ ಮೇಲೆ ಸೆರಗು ಹೊದ್ದು, ಕೈ ಮುಗಿದು. ಇಷ್ಟು ವರ್ಷದ ರೂಢಿ, ಹೆಸರು ಕರೆಯುವ ಮುಂಚೆಯೇ ಎದ್ದುಬಿಟ್ಟಳು ಪಾಪ ಎಂದುಕೊಂಡೆ. ಅವಳನ್ನು ನೋಡಲಾಗದೆ ಪುಸ್ತಕಕ್ಕೆ ಕಣ್ಣು ಇಳಿಸಿ, “ಸಾಹುಕಾರ ವಿರೂಪಾಕ್ಷಪ್ಪನವರು” ಎಂದು ಓದಿದೆ. ಅಲ್ಲಿಂದ ಮುಂದೆ ಎಂಟು ಹೆಸರು. ಮಧ್ಯೆ ಎಲ್ಲೂ ತಡವರಿಸಲಿಲ್ಲ. ಹುಲುಗಪ್ಪ ಎಂಬ ಹೆಸರನ್ನು ನಾನು ಉಚ್ಚರಿಸಲಿಲ್ಲ. ಇಷ್ಟು ನನಗೆ ಸ್ಪಷ್ಟವಾಗಿ ನೆನಪಿದೆ. ಆ ಹೊತ್ತಿನ ನಾಚಿಕೆ ಕೂಡ ನೆನಪಿದೆ, ಕಿವಿ ಕಾದ ಹಾಗೆ ಆಗಿತ್ತು. ಮಾಡದೆ ಇದ್ದ ತಪ್ಪಿಗೆ ಕಿವಿ ಕಾಯುತ್ತದೆಯೇ?

ಕಿರೀಟ ಏರಿತು. ನಾನು ಪರದೆಯ ಹಿಂದಕ್ಕೆ ಹೋದೆ. ಮಾಸ್ತರರ ಮುಖ ತಪ್ಪಿಸಿ ಹೊರಗೆ ಹೋಗಬೇಕೆಂದಿದ್ದೆ. ಅವರೇ ನನ್ನ ತೋಳು ಹಿಡಿದರು. ಬೈಯುತ್ತಾರೆ ಎಂದುಕೊಂಡೆ. ಅವರ ಕಣ್ಣು ಒದ್ದೆಯಾಗಿತ್ತು.

“ಶಾಭಾಸ್ ಮಗನ. ಮಾತು ಉಳಿಸ್ಕೊಂಡಿ” ಎಂದರು. ನನಗೆ ಅರ್ಥವಾಗಲಿಲ್ಲ. ಚುಚ್ಚುತ್ತಿದ್ದಾರೆ ಎನಿಸಿತು. ಆದರೆ ಅವರು ಮುಂದುವರಿದು, “ಅಲ್ಲಲೇ, ಹುಲುಗಪ್ಪ ಅಂತ ಕರದ್ರ ಸಾಕಿತ್ತು. ಹರಕತೆಪ್ಪದ ಹುಲುಗಪ್ಪ ಅಂತ ಯಾಕ ಅಂದಿ? ಆ ಹೆಸರು ನನಗ ಗೊತ್ತಿಲ್ಲ, ನಿನಗ ಯಾರು ಹೇಳಿದ್ರು?” ಎಂದು ಕೇಳಿದರು.

ಅಷ್ಟರಲ್ಲಿ ಬಸವರಾಜನೂ ಕಿರೀಟ ಸರಿಪಡಿಸಿಕೊಳ್ಳುತ್ತ ಬಂದು, “ಒಂಬತ್ತ ಅಂದಿದ್ರಲ್ರಿ ಸರ್, ಹತ್ತು ಸಲ ಬಗ್ಗಿಸಿದ್ರಲ್ಲ ನನ್ನ. ನಡ ಹೋತು!” ಎಂದ. ಮೈಕಿನ ಖಾದರ್ ಬಂದು ಕೈ ಮುಗಿದ. ಮೊದಲ ಹೆಸರು ಕರೆಯುವಾಗ ತಾನು ಸ್ವಿಚ್ ಹಾಕುವುದನ್ನೇ ಮರೆತಿದ್ದೆ, ಕ್ಷಮಿಸಬೇಕು ಎಂದು ಹೇಳಿದ. “ಮೈಕ್ ಬಂದ್ ಇತ್ರಿ. ಆದ್ರೂ ಹಿಂದ ಗಿರಣಿ ಗೋಡೆ ತನಕ ಕೇಳಿಸ್ತು. ನಿಮ್ಮ ಗಂಟ್ಲು ಇಷ್ಟ ದೊಡ್ಡದಂತ ಗೊತ್ತಿರಲಿಲ್ಲ ಬಿಡ್ರಿ. ಎರಡ್ನೇ ಹೆಸರಿಗೆ ಸ್ವಿಚ್ ಹಾಕಿದೆ ನೋಡ್ರಿ, ಆಗ ನಿಮ್ಮ ದನಿ ಸಣ್ಣಾತು.” ನನ್ನ ದನಿ ಯಾವಾಗಲೂ ಸಣ್ಣದೇ. ತರಗತಿಯಲ್ಲಿ ಮೂರನೆಯ ಬೆಂಚಿನವರಿಗೆ ಕೇಳಿಸುವುದಿಲ್ಲ ಎಂದು ಹುಡುಗರು ದೂರುತ್ತಿದ್ದರು.

ಧಣಿ ನಾಟಕ ಮುಗಿಯುವ ಮುಂಚೆಯೇ ಎದ್ದು ಹೋದರು. ಮರುದಿನ ಫೋನ್ ಮಾಡಿದರು. “ನಮ್ಮಪ್ಪನ್ನ ಎರಡ್ನೇವ್ನ ಮಾಡಿದ್ರಿ. ಇರ್ಲಿ ಬಿಡ್ರಿ” ಎಂದು ಇಷ್ಟೇ ಹೇಳಿ ಇಟ್ಟುಬಿಟ್ಟರು. ನಾನು ಹಾಗೆ ಮಾಡಿಲ್ಲ ಧಣಿ ಎಂದು ಹೇಳಲು ಬಾಯಿ ತೆರೆದಿದ್ದೆ. ಆಗ ಹೇಳಬೇಕೆನಿಸಿದ್ದು ಸತ್ಯದ ಮೇಲಿನ ಪ್ರೀತಿಯಿಂದಲ್ಲ, ಕೆಲಸದ ಆಸೆಯಿಂದ. ಜೂನಿನಲ್ಲಿ ಕಾಲೇಜಿನವರು ನನ್ನನ್ನು ಮತ್ತೆ ಕರೆಯಲಿಲ್ಲ.

ಆದರೆ ಹೊಸಪೇಟೆಯಲ್ಲಿ ನನ್ನ ಹೆಸರು ಬೆಳೆಯಿತು. ಪುಸ್ತಕದಲ್ಲಿ ಹುಲುಗಪ್ಪ ಇಲ್ಲ ಎಂಬುದನ್ನು ಓದಿದವರು ಗಮನಿಸಿದ್ದರು. ಅವರೇ ಅದಕ್ಕೊಂದು ಸಮಾಧಾನವನ್ನೂ ಕಂಡುಕೊಂಡರು. ಅಚ್ಚು ಹಾಕಿಸಿದವರು ಧಣಿ, ಅಲ್ಲಿ ಬರೆದವನ ಕೈ ನಡೆಯಲಿಲ್ಲ, ಆದರೆ ಸಭೆಯ ಮುಂದೆ ಎದೆಗೊಟ್ಟು ನಿಜವಾದ ಹೆಸರು ಕರೆದು ಕೆಲಸ ಕಳೆದುಕೊಂಡ ಎಂದು. ಒಂದು ಸಮಾರಂಭದಲ್ಲಿ ನನ್ನನ್ನು ‘ಗಣಿಯ ಮುಂದೆ ಬಗ್ಗದ ಮನುಷ್ಯ’ ಎಂದು ಪರಿಚಯಿಸಿ ಶಾಲು ಹೊದಿಸಿದರು. ನಾನು ತಲೆ ತಗ್ಗಿಸಿದೆ. ಅದನ್ನು ವಿನಯ ಎಂದು ಜನ ಚಪ್ಪಾಳೆ ತಟ್ಟಿದರು.

ಆ ವಾರಗಳಲ್ಲಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಟಿಪ್ಪಣಿ ಪುಸ್ತಕಗಳನ್ನೆಲ್ಲ ತೆಗೆದು ಹರಕತೆಪ್ಪ ಎಂಬ ಮಾತು ಎಲ್ಲಾದರೂ ಇದೆಯೇ ಎಂದು ಸಾಲು ಸಾಲು ಹುಡುಕಿದೆ. ಇರಲಿಲ್ಲ. ಕೋಣೆಯಲ್ಲಿ ಬಾಗಿಲು ಹಾಕಿಕೊಂಡು “ಹರಕತೆಪ್ಪದ ಹುಲುಗಪ್ಪ” ಎಂದು ಕೂಗಿ ನೋಡಿದೆ, ಆ ಮಾತು ನನ್ನ ಬಾಯಿಗೆ ಪರಿಚಿತವೇ ಎಂದು. ಹೊಸದಾಗಿಯೇ ಇತ್ತು. ಪಕ್ಕದ ಕೋಣೆಯವರು ಬಾಗಿಲು ತಟ್ಟಿ “ಯಾರನ್ನ ಕರ್ಯಾಕ ಹತ್ತೀರಿ?” ಎಂದು ಕೇಳಿದರು.

ಒಂದು ತಿಂಗಳ ಮೇಲೆ, ಒಂದು ಮಧ್ಯಾಹ್ನ, ಗಂಗಮ್ಮ ಬಂದಳು. ಬಸ್ಸು ಬದಲಿಸಿ, ವಿಳಾಸ ಕೇಳುತ್ತ ಕೇಳುತ್ತ ಒಬ್ಬಳೇ ಬಂದಿದ್ದಳು. ಒಂದು ಚೀಲದಲ್ಲಿ ಹೊಸ ಅಕ್ಕಿ, ಇನ್ನೊಂದು ಕೈಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಪುಸ್ತಕ. ಕುರ್ಚಿ ತೋರಿಸಿದೆ. “ಬ್ಯಾಡ್ರಿ, ಇಲ್ಲೇ ಕುಂದ್ರತೀನಿ” ಎಂದು ನೆಲದ ಮೇಲೆ ಕುಳಿತು ಬಟ್ಟೆ ಬಿಚ್ಚಿದಳು. ಪುಸ್ತಕದ ರಟ್ಟಿಗೆ ಅರಿಶಿನ ಹಚ್ಚಿತ್ತು. ಮನೆಯಲ್ಲಿ ದೇವರ ಗೂಡಿನಲ್ಲಿ ಇಟ್ಟಿದ್ದಳಂತೆ.

“ಹರಕತೆಪ್ಪದವ ಅಂತ ನಮ್ಮವ್ವ ಒಬ್ಬಾಕಿ ಕರೀತಿದ್ಲ್ರಿ. ಸಿಟ್ಟು ಬಂದಾಗ. ತೆಪ್ಪಕ್ಕ ತೇಪಿ ಹಾಕೋದು ಬಿಟ್ಟು ನಾಟಕಕ್ಕ ಹೋಗ್ತಾನ ಅಂತ” ಎಂದು ನಕ್ಕಳು. “ಮನಿ ಹೊರಗ ಆ ಮಾತು ಹೋಗೇ ಇಲ್ಲ. ನಿಮಗ್ಯಾರ್ರಿ ಹೇಳಿದ್ರು?”

“ಹಳಬರು ಯಾರೋ ಹೇಳಿದ್ರವ್ವ” ಎಂದೆ. ಸುಳ್ಳು.

“ಅಷ್ಟು ಮಂದಿ ಮುಂದ ನೀವು ಕರದಾಗ ನಮ್ಮವ್ವನೂ ಬಂದಂಗಾತು ನೋಡ್ರಿ” ಎಂದಳು. ಆಮೇಲೆ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, “ನನಗ ಓದಾಕ ಬರಂಗಿಲ್ಲ. ಊರಾಗ ಯಾರನ್ನರ ಕೇಳಬೋದಿತ್ತು. ಆದ್ರ ಕರದವ್ರು ನೀವು, ನೀವ ತೋರಿಸ್ಬೇಕು ಅಂತ ಬಂದೆ. ನಮ್ಮಪ್ಪನ ಹೆಸರು ಎಲ್ಲೈತಿ, ಬೆರಳಿಟ್ಟು ತೋರಸ್ರಿ” ಎಂದಳು.

ಆಗ ಹೇಳಬಹುದಿತ್ತು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಧಣಿ ಇರಲಿಲ್ಲ, ಕಾಲೇಜೂ ಹೋಗಿತ್ತು, ಕಳೆದುಕೊಳ್ಳಲು ನನ್ನ ಬಳಿ ಏನೂ ಉಳಿದಿರಲಿಲ್ಲ. ಅವಳ ಕಣ್ಣಲ್ಲಿ ನನ್ನ ಬಗ್ಗೆ ಇದ್ದ ಗೌರವ ಒಂದೇ. ಅದನ್ನೂ ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಪುಟ ತೆರೆದು ಪಟ್ಟಿಯ ಮೊದಲ ಸಾಲಿನ ಮೇಲೆ ಬೆರಳಿಟ್ಟೆ. ಅಲ್ಲಿ ಸಾಹುಕಾರ ವಿರೂಪಾಕ್ಷಪ್ಪನವರು ಎಂದಿತ್ತು.

ಅವಳು ಬಗ್ಗಿ ನೋಡಿದಳು. “ಇಷ್ಟುದ್ದ ಐತೇನ್ರಿ ನಮ್ಮಪ್ಪನ ಹೆಸರು?” ಎಂದಳು.

“ಗೌರವ ಕೊಟ್ಟು ಬರದೀವವ್ವ, ಅದಕ್ಕ ಉದ್ದ ಆಗೇತಿ” ಎಂದೆ.

ಅವಳ ಮುಖ ಅರಳಿತು. ಸೊಂಟದ ಚೀಲದಿಂದ ಕುಂಕುಮದ ಪೊಟ್ಟಣ ತೆಗೆದಳು. ಒಂದು ಸಣ್ಣ ಬೊಟ್ಟನ್ನು ಆ ಸಾಲಿನ ಮೊದಲಿಗೆ, ಅಕ್ಷರ ಮುಚ್ಚದ ಹಾಗೆ, ಬಹಳ ಜೋಪಾನವಾಗಿ ಇಟ್ಟಳು. ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡಳು. ಹೊರಡುವಾಗ ನನ್ನ ಕಾಲು ಮುಟ್ಟಲು ಬಗ್ಗಿದಳು. ತಡೆದೆ, ಆದರೆ ಸ್ವಲ್ಪ ತಡವಾಗಿ ತಡೆದೆ.

ಆಮೇಲೆ ನಾನು ಊರು ಬಿಟ್ಟೆ. ಬೇರೆ ಜಿಲ್ಲೆಯಲ್ಲಿ ಕೆಲಸ ಸಿಕ್ಕಿತು. ಮಾಸ್ತರರು ಆ ವರ್ಷವೇ ತೀರಿಕೊಂಡರೆಂದು ಕೇಳಿದೆ. ಗಣಿಗಳು ನಿಂತವು. ಸಂಘ ಆಡುತ್ತಿದೆಯೋ ಇಲ್ಲವೋ ತಿಳಿಯದು. ಗಂಗಮ್ಮ ಇದ್ದಾಳೋ ಇಲ್ಲವೋ, ಅವಳಿಗೆ ಆ ಸಾಲನ್ನು ಯಾರಾದರೂ ಓದಿ ಹೇಳಿದರೋ ಎಂದು ವಿಚಾರಿಸಲು ಕೂಡ ನಾನು ಹೋಗಲಿಲ್ಲ. ಹೋಗಬಹುದಿತ್ತು. ಬಸ್ಸುಗಳಿವೆ.

ಈ ಸಂಗತಿಗೆ ವಿವರಣೆ ಹುಡುಕುವುದನ್ನು ಮಾತ್ರ ಬಿಟ್ಟಿಲ್ಲ. ಜನ ಎಷ್ಟೋ ವರ್ಷ ಅದೇ ಹೆಸರು ಮೊದಲು ಕೇಳಿದವರು, ಲಾರಿಯ ಹಾರ್ನಿನ ನಡುವೆ ನಿರೀಕ್ಷಿಸಿದ್ದನ್ನೇ ಕೇಳಿಸಿಕೊಂಡರು ಎನ್ನಬಹುದು. ಆದರೆ ಯಾರೂ ನಿರೀಕ್ಷಿಸದ ಹರಕತೆಪ್ಪ ಅದಕ್ಕೆ ಹೊಂದುವುದಿಲ್ಲ. ಗುಂಪಿನಲ್ಲಿ ಬೇರೆ ಯಾರೋ ಕೂಗಿದರು ಎನ್ನಬಹುದು. ಮೂರು ಹೆಜ್ಜೆ ದೂರ ನಿಂತಿದ್ದ ಬಸವರಾಜ ನನ್ನ ಬಾಯಿ ನೋಡುತ್ತಲೇ ಬಾಗಿದೆ ಎನ್ನುತ್ತಾನೆ. ಉಳಿದದ್ದು ಒಂದೇ: ನಾನೇ ಕರೆದೆ. ಆ ಅಡ್ಡಹೆಸರನ್ನು ಎಲ್ಲೋ ಕೇಳಿ ಮರೆತಿದ್ದೆ, ಆ ಗಳಿಗೆಯಲ್ಲಿ ನನಗೇ ತಿಳಿಯದೆ ಧೈರ್ಯ ಬಂತು, ಕರೆದದ್ದನ್ನೂ ಆಮೇಲೆ ಮರೆತೆ. ಮನಶ್ಶಾಸ್ತ್ರ ಓದಿದ ಗೆಳೆಯರು ಇಂಥದ್ದು ಆಗುವುದುಂಟು ಎನ್ನುತ್ತಾರೆ. ಇದನ್ನು ನಂಬಿಬಿಡಲು ನನಗೂ ಆಸೆ. ನಂಬಿದರೆ ಆ ಶಾಲು ನನ್ನದಾಗುತ್ತದೆ.

ಆದರೆ ನಂಬಲಾಗುತ್ತಿಲ್ಲ. ಧಣಿ ಎದುರಿಗೆ ಕುಳಿತಿರುವಾಗ, ಇಡೀ ಊರು ನೋಡುತ್ತಿರುವಾಗ ಆ ಹೆಸರನ್ನು ಅಷ್ಟು ಜೋರಾಗಿ ಕರೆಯಬಲ್ಲ ಮನುಷ್ಯ, ಒಂದೇ ತಿಂಗಳ ಮೇಲೆ, ಓದು ಬಾರದ ಒಬ್ಬ ಮುದುಕಿಯ ಮುಂದೆ ಬೇರೆ ಹೆಸರಿನ ಮೇಲೆ ಬೆರಳಿಡುತ್ತಿರಲಿಲ್ಲ. ಬೆರಳಿಟ್ಟವನು ನಾನೇ. ಅದರಲ್ಲಿ ನನಗೆ ಅನುಮಾನವಿಲ್ಲ, ಅದಕ್ಕೆ ಬೇರೆ ಆಧಾರವೂ ಬೇಡ. ಅವತ್ತು ವೇದಿಕೆಯ ಮೇಲೆ ಕರೆದವರು ಯಾರು ಎಂಬುದು ಮಾತ್ರ ನನಗೆ ಗೊತ್ತಿಲ್ಲ.